ಪಿ.ಡಿ.ಎ., ವಿ.ಜಿ., ಎಂ.ಎಸ್.ಕೆ.: ಅಕ್ಷರಗಳಲ್ಲಿ ಅಡಗಿದ ಹೆಸರುಗಳಿಗೆ ಕಲಬುರಗಿಯಲ್ಲೊಂದು ಚೌಕ

ಕಲಬುರಗಿಯಲ್ಲಿ ಆಟೊಗೆ ಕೈ ಮಾಡಿದವರು ಹೋಗಬೇಕಾದ ಜಾಗವನ್ನು ಹೆಚ್ಚಾಗಿ ಅಕ್ಷರಗಳಲ್ಲೇ ಹೇಳುತ್ತಾರೆ. ಪಿ.ಡಿ.ಎ., ವಿ.ಜಿ., ಎನ್.ವಿ., ಎಂ.ಎಸ್.ಕೆ. ಮಿಲ್. ಹೇಳಿದವರಿಗೂ ಕೇಳಿದವರಿಗೂ ಅಷ್ಟು ಸಾಕು, ಗಾಡಿ ಹೊರಡುತ್ತದೆ. ಬಿಡಿಸಿ ನೋಡಿದರೆ ಆ ಅಕ್ಷರಗಳ ಒಳಗೆ ಈ ಊರನ್ನು ಕಟ್ಟಿದವರು ಕುಳಿತಿದ್ದಾರೆ. ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನ ಪಿ.ಡಿ.ಎ. ಎಂದರೆ ಪೂಜ್ಯ ದೊಡ್ಡಪ್ಪ ಅಪ್ಪ, ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಯಾಗಿದ್ದವರು. ಎಂ.ಆರ್. ವೈದ್ಯಕೀಯ ಕಾಲೇಜಿನ ಎಂ.ಆರ್. ಎಂದರೆ ಮಹಾದೇವಪ್ಪ ರಾಂಪುರೆ, 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದವರು. ಎಂ.ಎಸ್.ಕೆ. ಎಂದರೆ ಮೆಹಬೂಬ್ ಶಾಹಿ ಕುಲಬರ್ಗಾ, ಆರನೆಯ ನಿಜಾಮನ ಹೆಸರು ಹೊತ್ತ ಬಟ್ಟೆ ಗಿರಣಿ. ವಿ.ಜಿ. ಎಂದರೆ ವೀರಮ್ಮ ಗಂಗಸಿರಿ. ಆ ಮಹಿಳಾ ಕಾಲೇಜಿನ ಮುಂದೆ ಎಷ್ಟೋ ವರ್ಷ ಓಡಾಡಿದ ನನಗೆ, ಅದು ಒಬ್ಬ ಹೆಣ್ಣುಮಗಳ ಹೆಸರೆಂದು ಗೊತ್ತಾದದ್ದು ಓದು ಮುಗಿಸಿ ಊರು ಬಿಟ್ಟ ಮೇಲೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಈ ಮರೆವಿನ ಮಾತು ಈಗ ಏಕೆಂದರೆ, ಇತ್ತೀಚೆಗೆ ವರ್ಷವೊಂದರ ಅಂತರದಲ್ಲಿ ನಗರ ಇಬ್ಬರು ಸಂಸ್ಥೆ ಕಟ್ಟಿದವರನ್ನು ಕಳೆದುಕೊಂಡಿತು. 2024ರ ನವೆಂಬರ್‌ನಲ್ಲಿ ಖಾಜಾ ಬಂದೇನವಾಜ್ ದರ್ಗಾದ ಸಜ್ಜಾದೆ ನಶೀನರಾಗಿದ್ದ, ಎಂದರೆ ಅದರ ಪೀಠದ ಮುಖ್ಯಸ್ಥರಾಗಿದ್ದ ಸೈಯದ್ ಶಾ ಖುಸ್ರೊ ಹುಸೈನಿ ತೀರಿಕೊಂಡರು. 2025ರ ಆಗಸ್ಟ್‌ನಲ್ಲಿ ಶರಣಬಸವೇಶ್ವರ ಸಂಸ್ಥಾನದ ಶರಣಬಸಪ್ಪ ಅಪ್ಪ ಲಿಂಗೈಕ್ಯರಾದರು. ಒಬ್ಬರ ಕಾಲದಲ್ಲಿ ದರ್ಗಾದ ಶಿಕ್ಷಣ ಸಂಸ್ಥೆಗಳು ವಿಶ್ವವಿದ್ಯಾಲಯವಾಗಿ ಬೆಳೆದವು, ಇನ್ನೊಬ್ಬರ ಕಾಲದಲ್ಲಿ ಸಂಸ್ಥಾನದವು. ಇಂಥವರು ಹೋದಾಗ ಸ್ಮಾರಕ, ಪುತ್ಥಳಿ, ರಸ್ತೆಗೆ ಹೆಸರು ಎಂಬ ಮಾತುಗಳು ಸಹಜವಾಗಿ ಏಳುತ್ತವೆ. ದುಡಿಮೆಯಿಂದ ಊರಿಗೆ ಹಣ ತಂದ ಉದ್ಯಮಿಗಳು, ಆ ಹಣವನ್ನು ಶಾಲೆ, ಆಸ್ಪತ್ರೆ, ಛತ್ರಗಳಿಗೆ ಕೊಟ್ಟ ದಾನಿಗಳು, ಇವರೆಲ್ಲರ ನೆನಪಿಗೆ ಪೇಟೆಯ ನಡುವೆ ಒಂದು ಸಾರ್ವಜನಿಕ ಚೌಕ ಇರಬೇಕು ಎಂಬ ಆಸೆ ನನಗೂ ಇದೆ. ಆದರೆ ಒಂದು ಷರತ್ತಿನ ಮೇಲೆ. ಅಲ್ಲಿ ನಿಲ್ಲುವ ಕಲ್ಲುಗಳು ವ್ಯಕ್ತಿಗಳನ್ನು ಹೊಗಳುವ ಕಲ್ಲುಗಳಾಗದೆ, ಕೆಲಸದ ಲೆಕ್ಕ ಹೇಳುವ ಕಲ್ಲುಗಳಾಗಬೇಕು. ಏನು ಕೊಟ್ಟರು, ಯಾವಾಗ, ಯಾರಿಗೆ, ಆ ಹಣ ಯಾರ ಬೆವರಿನಿಂದ ಬಂತು ಎಂಬುದೆಲ್ಲ ಅದರಲ್ಲಿ ಇರಬೇಕು. ಇದು ಇಲ್ಲದಿದ್ದರೆ ಚೌಕ ಬೇಡವೆಂದೇ ಹೇಳುತ್ತೇನೆ.

ಸರ್ಕಲ್ ಬೇರೆ, ಚೌಕ ಬೇರೆ

ಕಲಬುರಗಿಯಲ್ಲಿ ಸರ್ಕಲ್‌ಗಳಿಗೆ ಬರವಿಲ್ಲ. ಜಗತ್ ವೃತ್ತ, ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತ, ತಿಮ್ಮಾಪುರಿ ವೃತ್ತ, ಆನಂದ ಹೋಟೆಲ್ ವೃತ್ತ. ಅದರ ಜೊತೆಗೆ ನಾಕಾಗಳು, ಕ್ರಾಸ್‌ಗಳು, ಹುಮನಾಬಾದ್ ಬೇಸ್. ಇವುಗಳಲ್ಲಿ ಎಲ್ಲಿಯೂ ಕೂರಲು ಆಗುವುದಿಲ್ಲ. ವೃತ್ತ ಇರುವುದು ವಾಹನ ತಿರುಗುವುದಕ್ಕೆ. ನಡುವೆ ನಿಂತ ಪ್ರತಿಮೆಯ ಬಳಿಗೆ ಜನ ಹೋಗುವುದು ವರ್ಷಕ್ಕೆ ಒಂದೆರಡು ಸಲ, ಜಯಂತಿಯ ದಿನ ಹಾರ ಹಾಕಲು. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಬರುವ ಮುಖ್ಯಮಂತ್ರಿಗಳು ಪಟೇಲರ ಪ್ರತಿಮೆಗೆ ಹಾರ ಹಾಕುತ್ತಾರೆ. ಮರುದಿನದಿಂದ ಅದು ಮತ್ತೆ ಸಂಚಾರದ ನಡುಗಡ್ಡೆ.

ಚೌಕ ಎಂಬ ಮಾತಿಗೆ ನಮ್ಮಲ್ಲಿ ಬೇರೆ ತೂಕವಿದೆ. ಹಳೆಯ ಊರಿನ ಚೌಕ್, ಅದರ ಸುತ್ತಲಿನ ಕಿರಾಣಾ ಬಜಾರ್, ಕಪಡಾ ಬಜಾರ್, ಸರಾಫ್ ಬಜಾರ್ ಇವು ಜನ ನಿಂತು ಮಾತಾಡಿ, ಕೊಂಡು, ಕಾದು, ಮತ್ತೆ ಮಾತಾಡುವ ಜಾಗಗಳು. ಬೀದರಿಗೆ ಹೋದರೆ ಹಳೆಯ ಊರಿನಲ್ಲಿ ದಾರಿಗಳು ಕೂಡುವಲ್ಲಿ 71 ಅಡಿ ಎತ್ತರದ ದುಂಡು ಗೋಪುರ ಸಿಗುತ್ತದೆ, ಚೌಬಾರಾ. ಅದನ್ನು ಕಟ್ಟಿಸಿದವರು ಯಾರೆಂದು ಅಲ್ಲಿ ತರಕಾರಿ ಕೊಳ್ಳಲು ಬಂದವರನ್ನು ಕೇಳಿದರೆ ಹೆಚ್ಚಿನವರು ಹೇಳಲಾರರು. ಆದರೆ ಊರಿನ ನಡು ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ಅದರ ಕಡೆ ಬೆರಳು ತೋರುತ್ತಾರೆ. ನಡುವೂರಿನ ಜಾಗವೊಂದಕ್ಕೆ ಬೇಕಾದ ಮೊದಲ ಗುಣ ಅದು.

ಕಾನೂನೂ ನಮ್ಮನ್ನು ವೃತ್ತದಿಂದ ಚೌಕದ ಕಡೆಗೇ ತಳ್ಳುತ್ತದೆ. ಕೇರಳದ ಹೆದ್ದಾರಿಯೊಂದರ ಮೇಲೆ ಪ್ರತಿಮೆ ನಿಲ್ಲಿಸುವ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2013ರ ಜನವರಿ 18ರಂದು ಕೋರ್ಟು ರಾಜ್ಯಗಳಿಗೆ ಒಂದು ಆದೇಶ ಕೊಟ್ಟಿತು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಯ ಬದಿ, ಸಾರ್ವಜನಿಕ ಉಪಯೋಗದ ಜಾಗ ಇವುಗಳಲ್ಲಿ ಇನ್ನು ಮುಂದೆ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಕೂಡದು. ಬೀದಿದೀಪ, ವಿದ್ಯುತ್, ಸಂಚಾರ, ರಸ್ತೆಯ ಅಭಿವೃದ್ಧಿ ಮತ್ತು ಅಂದ, ಸಾರ್ವಜನಿಕ ಸೌಕರ್ಯ ಇಂಥವುಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ಉದ್ಯಮಿಯೊಬ್ಬರ ಕಂಚಿನ ಎದೆಮಟ್ಟದ ಪ್ರತಿಮೆಯನ್ನು ಕೂಡುರಸ್ತೆಯ ನಡುವೆ ತಂದು ನಿಲ್ಲಿಸುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಉಳಿದಿರುವುದು ನೆಲಕ್ಕೆ ಹಾಸಿದ ಕಲ್ಲು, ಕೂರುವ ಕಟ್ಟೆ, ಮರದ ಬುಡದ ಫಲಕ. ನನಗೆ ಇದರಿಂದ ಬೇಸರವಿಲ್ಲ. ಪ್ರತಿಮೆಯನ್ನು ತಲೆಯೆತ್ತಿ ನೋಡಬೇಕು. ಕಟ್ಟೆಯ ಮೇಲೆ ಕುಳಿತವರು ಬದಿಯ ಅಕ್ಷರಗಳನ್ನು ಸುಮ್ಮನೆ ಓದುತ್ತಾರೆ.

ಯಾರು ಉದ್ಯಮಿ?

ಈ ಪ್ರಶ್ನೆಗೆ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಸಿಗುವಷ್ಟು ನೇರ ಉತ್ತರ ಕಲಬುರಗಿಯಲ್ಲಿ ಸಿಗುವುದಿಲ್ಲ. ಮುಂಬೈ ಕಡೆಯಿಂದ ಹೊರಟ ರೈಲು ಹಳಿ 1871ರಲ್ಲಿ ರಾಯಚೂರು ತಲುಪಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹಳಿ ಬಂದ ಮೇಲೆ ಹತ್ತಿ, ಕಲ್ಲು, ಕಾಳು ಎಲ್ಲಕ್ಕೂ ದೂರದ ಪೇಟೆ ಸಿಕ್ಕಿತು. ಎಂ.ಎಸ್.ಕೆ. ಮಿಲ್ ಹುಟ್ಟಿದ್ದು ಆ ಹಳಿಯ ಬೆನ್ನಿಗೆ. ನಷ್ಟಕ್ಕೆ ಬಿದ್ದ ಬಟ್ಟೆ ಗಿರಣಿಗಳನ್ನು 1974ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಕರಣ ಮಾಡಿದಾಗ ಅದೂ ಆ ಪಟ್ಟಿಯಲ್ಲಿತ್ತು. ಈಗ ಗಿರಣಿ ಇಲ್ಲ, ಬಡಾವಣೆಗೆ ಮಾತ್ರ ಗಿರಣಿಯ ಹೆಸರು ಇದೆ. ಪಾಳಿ ಬದಲಾಗುವ ಹೊತ್ತಿಗೆ ಕೂಗುತ್ತಿದ್ದ ಭೋಂಗಾದ ಸದ್ದನ್ನು ಅನುಸರಿಸಿ ಮನೆಯ ಅಡುಗೆ, ಮಕ್ಕಳ ಶಾಲೆ ಎಲ್ಲ ಹೊಂದಿಸಿಕೊಳ್ಳುತ್ತಿದ್ದೆವು ಎಂದು ಆ ಕಡೆಯ ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ. ಇಂಥ ಗಿರಣಿಗೆ ಗೌರವ ಎಂದರೆ ಯಾರಿಗೆ? ಷೇರು ಹಾಕಿದವರಿಗೋ, ಹೆಸರು ಕೊಟ್ಟ ನಿಜಾಮನಿಗೋ, ನೂಲು ತೆಗೆದವರಿಗೋ?

ಸಿಮೆಂಟಿನ ಕಥೆ ಇನ್ನೂ ಬೇರೆ. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಂಪನಿ ಅವುಗಳಲ್ಲೊಂದು. ಮುಂದೆ ವಾಡಿ, ಸೇಡಂ, ಮಳಖೇಡ ಕಡೆಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ಕಲ್ಲು ನಮ್ಮದು, ಕೂಲಿ ನಮ್ಮದು, ಕಂಪನಿಯ ಕಚೇರಿ ಹೊರಗಿನ ಮಹಾನಗರಗಳಲ್ಲಿ. ಹೂಡಿಕೆ ಮಾಡಿದವರನ್ನು ಸ್ಥಳೀಯ ಉದ್ಯಮಿಗಳೆಂದು ಕರೆಯುವುದು ಕಷ್ಟ. ಆದರೆ ಅದೇ ನೆಲದಿಂದ ಬರುವ ಶಹಾಬಾದ್ ಫರಸಿಯನ್ನು, ಎಂದರೆ ನೆಲಕ್ಕೆ ಹಾಸುವ ಕಲ್ಲನ್ನು, ಕಾಣದ ಮನೆಯೇ ನಮ್ಮ ಭಾಗದಲ್ಲಿ ಇಲ್ಲ. ಹಾಳೆ ಬಿಡಿಸಿದಂತೆ ಪದರಪದರವಾಗಿ ಏಳುವ ಆ ಕಲ್ಲನ್ನು ಉಳಿ ಸುತ್ತಿಗೆ ಹಿಡಿದು ಎಬ್ಬಿಸಿದವರ ಹೆಸರು ಯಾವ ಕಾಗದದಲ್ಲೂ ಉಳಿದಿಲ್ಲ.

ಇನ್ನು ತೊಗರಿ. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತೇವೆ, 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯೂ ಸಿಕ್ಕಿತು. ಕಪನೂರು, ನೆಹರು ಗಂಜ್ ಕಡೆಯ ದಾಲ್ ಮಿಲ್‌ಗಳೇ ಈ ನಗರದ ನಿಜವಾದ ಸ್ವಂತ ಉದ್ಯಮ. ತೊಗರಿಗೆ ಎಣ್ಣೆ ಸವರಿ, ನೀರು ಕೊಟ್ಟು, ಅಂಗಳದಲ್ಲಿ ಬಿಸಿಲಿಗೆ ಹರವಿ, ಸಿಪ್ಪೆ ತೆಗೆದು ಬೇಳೆ ಒಡೆಯುವ ಕೆಲಸ ಅದು. ಇಲ್ಲಿ ಒಬ್ಬ ದೊಡ್ಡ ಉದ್ಯಮಪತಿ ಇಲ್ಲ. ನೂರಾರು ಸಣ್ಣ ಮತ್ತು ಮಧ್ಯಮ ಮಾಲೀಕರು, ಅವರ ಬೆನ್ನಿಗೆ ಅಡತಿ ಅಂಗಡಿಗಳು, ಹಮಾಲರು, ಬೇಳೆ ಆರಿಸುವ ಹೆಣ್ಣುಮಕ್ಕಳು. ದಾನ ಕೊಟ್ಟದ್ದೂ ಹೀಗೇ ಚದುರಿದ ಕೈಗಳಿಂದ. ದೊಡ್ಡದೊಂದು ಹೆಸರು ಹುಡುಕಿ ಹೊರಟರೆ ಈ ಉದ್ಯಮವೇ ಕೈತಪ್ಪಿ ಹೋಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಇಡೀ ವಾದದ ಬೇರು ಗಂಜಿನಲ್ಲಿ, ಎಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ ಇದೆ. ನನ್ನ ಅಜ್ಜ ಆಳಂದ ಕಡೆಯ ಒಕ್ಕಲಿಗರು. ಸುಗ್ಗಿ ಮುಗಿದ ಮೇಲೆ ತೊಗರಿ ಚೀಲ ಹೇರಿಕೊಂಡು ಗಂಜಿಗೆ ಬರುತ್ತಿದ್ದರು. ಅಡತಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಹಮಾಲಿ ಇಷ್ಟು, ತೂಕದ್ದು ಇಷ್ಟು, ದಲಾಲಿ ಇಷ್ಟು ಎಂದು ಕಡಿತಗಳ ಸಾಲು. ಆ ಸಾಲಿನಲ್ಲಿ ಒಂದು ಧರ್ಮಾದಾಯ. ಚಿಲ್ಲರೆ ಕಾಸು, ಯಾರೂ ಜಗಳ ತೆಗೆಯುವಷ್ಟು ದೊಡ್ಡ ಮೊತ್ತ ಅಲ್ಲ. ಅಜ್ಜ ಅದರ ಬಗ್ಗೆ ಒಂದು ದಿನವೂ ಗೊಣಗಿದವರಲ್ಲ. ಅದು ಗೋಶಾಲೆಗೆ, ಗುಡಿಗೆ, ಬಡವರ ಮಕ್ಕಳ ಓದಿಗೆ ಹೋಗುತ್ತದೆ ಎಂದು ನಂಬಿದ್ದರು. ಬಹಳಷ್ಟು ಸಲ ಹೋಗುತ್ತಲೂ ಇತ್ತು.

ಧರ್ಮಾದಾಯ ನಮ್ಮ ಗಂಜಿನದಷ್ಟೇ ಪದ್ಧತಿ ಆಗಿರಲಿಲ್ಲ, ದೇಶದ ಪೇಟೆಗಳಲ್ಲೆಲ್ಲ ಇತ್ತು. 1928ರಲ್ಲಿ ವರದಿ ಕೊಟ್ಟ ಕೃಷಿ ಕುರಿತ ರಾಯಲ್ ಆಯೋಗ, ಧರ್ಮ ಮತ್ತು ದಾನದ ಹೆಸರಿನಲ್ಲಿ ರೈತನ ಹಣದಿಂದ ಮನಬಂದಂತೆ ಕಡಿತ ಮಾಡುವುದನ್ನು ಪೇಟೆಯ ಕೆಡುಕುಗಳಲ್ಲಿ ಒಂದೆಂದು ಎತ್ತಿ ಹೇಳಿತು. ಅದರ ಹಿಂದೆಯೇ ಹೈದರಾಬಾದ್ ಸಂಸ್ಥಾನ 1930ರಲ್ಲಿ ಕೃಷಿ ಮಾರುಕಟ್ಟೆ ಕಾನೂನು ತಂದಿತು. ಕರ್ನಾಟಕದ ಎ.ಪಿ.ಎಂ.ಸಿ. ಕಾಯ್ದೆ ಬಂದದ್ದು 1966ರಲ್ಲಿ. ಮಾರಾಟಗಾರನಿಂದ ಏನನ್ನು ಹಿಡಿಯಬಹುದು, ಏನನ್ನು ಹಿಡಿಯಬಾರದು ಎಂಬುದಕ್ಕೆ ಇಂಥ ಕಾನೂನುಗಳು ಗೆರೆ ಎಳೆದವು. 1979ರಲ್ಲಿ ಉತ್ತರ ಭಾರತದ ಹತ್ತಿ ಗಿರಣಿಯೊಂದರ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಗಿರಾಕಿಗಳಿಂದ ಧರ್ಮಾದಾಯ ಎಂದು ಪಡೆದ ಹಣ ವ್ಯಾಪಾರಿಯ ಆದಾಯ ಅಲ್ಲ, ಅದು ದಾನಕ್ಕೆಂದು ಅವನ ಕೈಯಲ್ಲಿ ಇಟ್ಟ ಹಣ. ತೆರಿಗೆಯಿಂದ ಬಿಡುಗಡೆ ಕೊಡಿಸಿದ ಈ ತೀರ್ಪನ್ನು ಗಂಜಿನ ಕಣ್ಣಿನಿಂದ ಓದಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಆ ದಾನದಲ್ಲಿ ವ್ಯಾಪಾರಿ ಕೈ, ಕೊಟ್ಟವರು ಬೇರೆ. ಪೇಟೆಯ ವ್ಯಾಪಾರಿಗಳು ಕಟ್ಟಿಸಿದ ಶಾಲೆಯ ಗೋಡೆಯಲ್ಲಿ ನನ್ನ ಅಜ್ಜನ ಕಾಸೂ ಇದ್ದಿರಬಹುದು, ಅವರಂಥ ಸಾವಿರಾರು ಒಕ್ಕಲು ಮನೆಗಳದ್ದೂ ಇದ್ದಿರಬಹುದು.

ಇದರಿಂದ ವ್ಯಾಪಾರಿಯ ಹಿರಿಮೆ ಕುಗ್ಗುವುದಿಲ್ಲ. ಬಂದ ಕಾಸನ್ನು ಕೂಡಿಟ್ಟು, ತನ್ನದನ್ನೂ ಸೇರಿಸಿ, ಜಾಗ ಹುಡುಕಿ, ಸರ್ಕಾರದ ಅನುಮತಿಗೆ ಅಲೆದು ಶಾಲೆಯೊಂದನ್ನು ನಿಲ್ಲಿಸುವುದು ಸಣ್ಣ ಕೆಲಸ ಅಲ್ಲ. ನಿಜಾಮರ ಆಡಳಿತದಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದಾಗ, ಖಾಸಗಿ ಶಾಲೆ ತೆರೆಯುವುದೇ ಅನುಮಾನಕ್ಕೆ ಕಾರಣವಾಗುತ್ತಿದ್ದಾಗ, ನೂತನ ವಿದ್ಯಾಲಯ, ಆಟೊದವರ ಎನ್.ವಿ., 1907ರಲ್ಲಿ ಇಲ್ಲಿ ಶುರುವಾಯಿತು. ದೊಡ್ಡಪ್ಪ ಅಪ್ಪ ಅವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಶಾಲೆ ತೆರೆದರು. ಆ ಕಾಲದ ಕಲಬುರಗಿಯಲ್ಲಿ ಮಗಳನ್ನು ಶಾಲೆಗೆ ಕಳಿಸುವಂತೆ ಮನೆಮನೆಯನ್ನು ಒಪ್ಪಿಸುವುದು ಕಟ್ಟಡ ಕಟ್ಟುವುದಕ್ಕಿಂತ ಕಷ್ಟದ ಕೆಲಸವಾಗಿತ್ತು ಎಂದು ನಾನು ನಂಬಿದ್ದೇನೆ. ಇವರ ಹೆಸರು ಕಲ್ಲಿನ ಮೇಲೆ ಬರಬೇಕು. ಜೊತೆಗೆ ಅಜ್ಜನ ಪಟ್ಟಿಯ ಧರ್ಮಾದಾಯದ ಸಾಲೂ ಬರಬೇಕು.

ದಾನ, ದಾಸೋಹ, ಶಾಸನ

ಈ ನೆಲದಲ್ಲಿ ದಾನಿಯ ಹೆಸರು ಕೆತ್ತುವುದಕ್ಕೆ ಇನ್ನೊಂದು ಆಳವಾದ ಅಡ್ಡಿ ಇದೆ. ಅದು ದಾಸೋಹ. ದಾನದಲ್ಲಿ ಕೊಡುವವರ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವರೇ ದಾಸರು. ಕಾಯಕದಿಂದ ಬಂದದ್ದರಲ್ಲಿ ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಸಮಾಜಕ್ಕೆ ಒಪ್ಪಿಸುವುದು ಅವರ ಕರ್ತವ್ಯ, ಅದರಲ್ಲಿ ನಾನು ಕೊಟ್ಟೆ ಎಂಬುದಕ್ಕೆ ಎಡೆಯಿಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಗೆ ಬಂದು ನೆಲೆಸಿದ ಶರಣಬಸವೇ‌ಶ್ವರರು (1746–1822) ತಮ್ಮ ಹೊಲದ ಜೋಳಕ್ಕೆ ಇಳಿದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರು ಎಂಬ ಕಥೆಯನ್ನು ಇಲ್ಲಿನ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಅವರ ಗುಡಿಯ ದಾಸೋಹದಲ್ಲಿ ಇಂದು ಉಣ್ಣುವವರು ಜೋಳ ಯಾರ ಮನೆಯದೆಂದು ಕೇಳುವುದಿಲ್ಲ. ಖಾಜಾ ಬಂದೇನವಾಜರ ದರ್ಗಾದ ಲಂಗರಿನಲ್ಲಿಯೂ ಕೇಳುವುದಿಲ್ಲ. ಇಂಥ ಊರಿನ ನಡುವೆ ಹೆಸರುಗಳ ಚೌಕ ಕಟ್ಟುವವರು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಹಾಗಾದರೆ ಹೆಸರೇ ಬೇಡವೆ? ಬೇಡ ಎಂದರೆ ವೀರಮ್ಮ ಗಂಗಸಿರಿ ಎಂದೆಂದಿಗೂ ಎರಡು ಅಕ್ಷರವಾಗಿಯೇ ಉಳಿಯುತ್ತಾರೆ. ಹೆಸರಿಲ್ಲದ ದಾಸೋಹ ದೊಡ್ಡ ಮೌಲ್ಯ ನಿಜ, ಆದರೆ ಹೆಣ್ಣುಮಕ್ಕಳ, ಕೂಲಿಕಾರರ ಹೆಸರು ಅಳಿದುಹೋದದ್ದು ಅವರ ಸ್ವಂತ ಆಯ್ಕೆಯಿಂದ ಅಲ್ಲ. ಯಾರೂ ಬರೆದಿಡಲಿಲ್ಲ, ಅದಕ್ಕೇ ಅಳಿಯಿತು.

ಈ ತೊಡಕಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ, ಚಿತ್ತಾಪುರ ಪಟ್ಟಣದ ಪಕ್ಕದ ನಾಗಾವಿಯಲ್ಲಿ. ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನ ಅದು, ಅಂದಿನ ವಿಶ್ವವಿದ್ಯಾಲಯ. ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಅದಕ್ಕೆ ಕೊಟ್ಟ ದತ್ತಿಯನ್ನು 1058ರ ಶಾಸನ ದಾಖಲಿಸುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಅವರಿಗೆ ಕಲಿಸುವ ಉಪಾಧ್ಯಾಯರು, ಪುಸ್ತಕ ಕಾಯುವ ಆರು ಮಂದಿ ಸರಸ್ವತಿ ಭಂಡಾರಿಗರು. ಗ್ರಂಥಪಾಲಕರ ಲೆಕ್ಕವನ್ನೂ ಬಿಡದ ಶಾಸನ ಅದು. ಹೊಗಳಿಕೆಯ ಮಾತುಗಳು ಶಾಸನಗಳಲ್ಲಿ ಧಾರಾಳವಾಗಿವೆ, ಇಲ್ಲವೆನ್ನುವುದಿಲ್ಲ. ಆದರೆ ಸಾವಿರ ವರ್ಷದ ಹತ್ತಿರ ಬಂದರೂ ಆ ಕಲ್ಲು ನಮ್ಮ ಕೈ ಹಿಡಿದು ನಿಲ್ಲಿಸುವುದು ಹೊಗಳಿಕೆಗಲ್ಲ, ಆ ಲೆಕ್ಕಕ್ಕೆ. ಮಧುಸೂದನನ ಹೆಸರು ಉಳಿದದ್ದೂ ಆ ಲೆಕ್ಕದ ಜೊತೆಗೇ.

ಬೀದರಿನ ಮಹಮೂದ್ ಗವಾನನನ್ನೂ ನೆನೆಯಬೇಕು. ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಅವನು. 1472ರಲ್ಲಿ ಮುಗಿದ ಅವನ ಮದರಸಾದಲ್ಲಿ ಮೂರು ಸಾವಿರದಷ್ಟು ಹಸ್ತಪ್ರತಿಗಳು ಇದ್ದವು ಎನ್ನುತ್ತಾರೆ. ಒಂಬತ್ತು ವರ್ಷದ ನಂತರ, 1481ರಲ್ಲಿ, ಒಳಸಂಚಿಗೆ ಬಲಿಯಾಗಿ ಅವನು ಸುಲ್ತಾನನ ಆಜ್ಞೆಯಿಂದಲೇ ಕೊಲೆಯಾದ. ಅವನ ಪ್ರತಿಮೆ ಯಾರೂ ನಿಲ್ಲಿಸಲಿಲ್ಲ. ಅರ್ಧ ಕುಸಿದ ಆ ಕಟ್ಟಡ, ಉಳಿದ ಮಿನಾರಿನ ಮೇಲಿನ ಬಣ್ಣದ ಹೆಂಚು, ಅಷ್ಟೇ ಸಾಕು ಅವನ ಹೆಸರಿಗೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಚೌಕದ ಕಲ್ಲುಗಳು ವ್ಯಕ್ತಿಗೊಂದರಂತೆ ಬೇಡ, ಕೆಲಸಕ್ಕೊಂದರಂತೆ ಇರಲಿ. ನೂತನ ವಿದ್ಯಾಲಯಕ್ಕೊಂದು, 1934ರ ಹೆಣ್ಣುಮಕ್ಕಳ ಶಾಲೆಗೊಂದು, 1963ರ ವೈದ್ಯಕೀಯ ಕಾಲೇಜಿಗೊಂದು, ಖಾಜಾ ಬಂದೇನವಾಜ್ ಶಿಕ್ಷಣ ಸಂಸ್ಥೆಗಳಿಗೊಂದು, ಬಟ್ಟೆ ಗಿರಣಿಗೊಂದು, ದಾಲ್ ಮಿಲ್‌ಗಳಿಗೆಲ್ಲ ಕೂಡಿ ಒಂದು, ಫರಸಿ ಕಲ್ಲಿನ ಗಣಿಗೊಂದು. ಸಾಲು ಇಸವಿಯ ಪ್ರಕಾರ. ಪ್ರತಿ ಕಲ್ಲಿನಲ್ಲಿ ಜಾಗ ಯಾರದು, ಹಣ ಎಲ್ಲಿಂದ, ಮೊದಲ ವರ್ಷ ಎಷ್ಟು ಮಕ್ಕಳು ಅಥವಾ ಎಷ್ಟು ಕೆಲಸಗಾರರು, ಮುಂದೆ ನಿಂತವರು ಯಾರು. ಹೆಸರುಗಳು ಈ ಲೆಕ್ಕದ ಒಳಗೆ ಬರಲಿ.

ಹೀಗೆ ಮಾಡಿದರೆ ಇನ್ನೊಂದು ಜಗಳವೂ ತಣ್ಣಗಾಗುತ್ತದೆ. ವ್ಯಕ್ತಿಗಳ ಹೆಸರಿಗೆ ಹೊರಟರೆ ಪ್ರತಿ ಸಮುದಾಯವೂ ತನ್ನವರ ಹೆಸರು ತರುತ್ತದೆ, ತರುವುದು ತಪ್ಪೂ ಅಲ್ಲ. ಇಬ್ಬರನ್ನು ಸೇರಿಸಿ ಮೂರನೆಯವರನ್ನು ಬಿಟ್ಟರೆ ಪಾಲಿಕೆಯ ಸಾಮಾನ್ಯ ಸಭೆಯೇ ಮುಂದೆ ಸಾಗುವುದಿಲ್ಲ. ಶಾಲೆ ಯಾವ ಇಸವಿಯಲ್ಲಿ ಶುರುವಾಯಿತು ಎಂಬುದರಲ್ಲಿ ಜಾತಿಯ ಸರದಿ ಇರುವುದಿಲ್ಲ. ಬದುಕಿರುವವರ ಹೆಸರು ಬೇಡ ಎಂಬ ನಿಯಮವನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಚುನಾವಣೆಯ ಒತ್ತಡವೂ ಕಡಿಮೆಯಾಗುತ್ತದೆ.

ಇಂದಿನ ಕಂಪನಿಗಳು ಕೇಳುವ ಜಾಗ

ಹಳಬರಿಗಿಂತ ಹೊಸಬರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕೆಲಸ ನಡೆಸುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಸುಣ್ಣದ ಕಲ್ಲು ತೆಗೆಯುವವರಿಗೆ ಇದರ ಮೇಲೆ ಇನ್ನೊಂದಿದೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ರಾಯಧನದ ಜೊತೆಗೆ ಅದರ ಒಂದು ಭಾಗವನ್ನು ಕಟ್ಟಬೇಕು, ಹಳೆಯ ಗಣಿ ಗುತ್ತಿಗೆಗಳಿಗೆ ಶೇ 30, ಆ ವರ್ಷದಿಂದೀಚೆಗಿನವಕ್ಕೆ ಶೇ 10.

ಇವೆರಡೂ ಕಾನೂನು ವಿಧಿಸಿದ ಬಾಧ್ಯತೆಗಳು. ಇದನ್ನು ಪ್ರಾಮಾಣಿಕವಾಗಿ ತೀರಿಸಿದ ಕಂಪನಿಗೆ ಧನ್ಯವಾದ ಹೇಳೋಣ, ಆದರೆ ಅದನ್ನು ದಾನದ ಕಲ್ಲಿನಲ್ಲಿ ಬರೆಯಬಾರದು. ತೆರಿಗೆ ಕಟ್ಟಿದವರ ಹೆಸರನ್ನು ಊರಿನ ಚೌಕದಲ್ಲಿ ಕೆತ್ತುವುದಿಲ್ಲ. ಚೌಕವನ್ನೇ ಈ ಹಣದಿಂದ ಕಟ್ಟಿಕೊಡುತ್ತೇವೆ, ಬದಲಿಗೆ ನಮ್ಮ ಫಲಕ ಹಾಕಿ ಎಂದು ಯಾರಾದರೂ ಬಂದರೆ, ಮಾರುಕಟ್ಟೆ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ಸಾಮಾಜಿಕ ಹೊಣೆಯ ಖರ್ಚೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು 2021ರ ನಿಯಮಗಳು ಹೇಳಿರುವುದನ್ನು ಅವರ ಮುಂದಿಡಬೇಕು. ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವರ ಮಾತು ಬೇರೆ. ಅಂಥವರಿಗೆ ಸಾಲಿನಲ್ಲಿ ಜಾಗವಿದೆ, ಇಸವಿ ಬಂದಾಗ.

ಬಿಸಿಲು, ನೆರಳು, ತಳ್ಳುಗಾಡಿ

ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ಬಟಾಬಯಲಿನ ಮೇಲೆ ನುಣುಪು ಗ್ರಾನೈಟ್ ಹಾಸಿ, ನಡುವೆ ಕಾರಂಜಿ ಇಟ್ಟು, ಸುತ್ತ ಸ್ಟೀಲ್ ಬೇಲಿ ಹಾಕಿದರೆ ಮಾರ್ಚಿನಿಂದ ಜೂನಿನವರೆಗೆ ಹಗಲಲ್ಲಿ ಅದು ಕಾದ ಹಂಚು. ಈ ಊರಿನ ಹಳಬರಿಗೆ ಬಿಸಿಲಿನ ತಿಳಿವಳಿಕೆ ಇತ್ತು. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯನ್ನು ನೋಡಿ. ಬೇರೆಡೆ ಇಂಥ ಮಸೀದಿಗಳ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಇಡೀ ಅಂಗಳವನ್ನೇ ಗುಮ್ಮಟಗಳಿಂದ ಮುಚ್ಚಿದ್ದಾರೆ. ಕಟ್ಟಿದವರ ಉದ್ದೇಶ ಏನೇ ಇರಲಿ, ಮೇ ತಿಂಗಳ ಮಧ್ಯಾಹ್ನ ಅಲ್ಲಿ ಒಳಗೆ ಹೋಗಿ ನಿಂತವರಿಗೆ ಅದರ ಬೆಲೆ ಗೊತ್ತು.

ಹಾಗಾಗಿ ಚೌಕಕ್ಕೆ ಮೊದಲು ಬೇಕಾದದ್ದು ಬೇವು, ಹೊಂಗೆ, ಅರಳಿ. ಕಲ್ಲು ಕೆತ್ತುವ ಎರಡು ಮೂರು ವರ್ಷ ಮೊದಲೇ ನೆಡಬೇಕು. ನೆಲಕ್ಕೆ ಶಹಾಬಾದ್ ಫರಸಿ, ನೆರಳಿನಲ್ಲಿ. ನಮ್ಮ ವರ್ತಕರು ಬೇಸಿಗೆಯಲ್ಲಿ ಅಂಗಡಿ ಮುಂದೆ ಅರವಟಿಗೆ ಇಡುತ್ತಿದ್ದರು, ಇಂದಿಗೂ ಇಡುವವರಿದ್ದಾರೆ. ಚೌಕದಲ್ಲಿ ವರ್ಷವಿಡೀ ನಡೆಯುವ ಅರವಟಿಗೆ ಇರಲಿ. ಹೆಣ್ಣುಮಕ್ಕಳಿಗೆ ನೀರು ಬರುವ, ಬಾಗಿಲು ಮುಚ್ಚುವ ಶೌಚಾಲಯ ಇರಲಿ. ಹಳ್ಳಿಯಿಂದ ಪೇಟೆಯ ನಡುವಿನ ಸೂಪರ್ ಮಾರ್ಕೆಟ್ ಪ್ರದೇಶಕ್ಕೆ ಸಂತೆಗೆ ಬಂದ ತಾಯಂದಿರು ಬೆಳಗಿನಿಂದ ಸಂಜೆಯ ಬಸ್ಸಿನವರೆಗೆ ನೀರು ಕುಡಿಯದೆ ತಡೆದುಕೊಂಡಿರುವುದನ್ನು ನೋಡಿ ಬೆಳೆದವನು ನಾನು. ದಾನಿಗಳ ಹೆಸರಿನ ಜಾಗದಲ್ಲಿ ಇದಕ್ಕಿಂತ ಮುಂಚಿತವಾಗಿ ಕಟ್ಟಬೇಕಾದದ್ದು ಏನೂ ಇಲ್ಲ.

ಜಾಗ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಊರ ಹೊರಗಿನ ಬಡಾವಣೆಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅಲ್ಲಿಗೆ ಯಾರೂ ನಡೆದು ಬರುವುದಿಲ್ಲ. ಸೂಪರ್ ಮಾರ್ಕೆಟ್, ಚೌಕ್ ಸುತ್ತಮುತ್ತ ಆಗಬೇಕು. ಅಲ್ಲಿ ಆಗಬೇಕೆಂದರೆ ತಳ್ಳುಗಾಡಿಯವರು, ಬಳೆ ಮಾರುವವರು, ಹಣ್ಣಿನವರು ಈಗಾಗಲೇ ಇದ್ದಾರೆ. ಸೌಂದರ್ಯೀಕರಣದ ಮೊದಲ ಪೆಟ್ಟು ಯಾವಾಗಲೂ ಅವರ ಮೇಲೆ ಬೀಳುತ್ತದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ತೀರ್ಮಾನ ಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ನಕ್ಷೆ ಬರೆಯುವ ಮೊದಲ ದಿನವೇ ಅವರನ್ನು ಕರೆದು ಕೂರಿಸಬೇಕು. ಇಂದಿನ ಗಂಜಿನ ದೊಡ್ಡ ಅಂಗಡಿಗಳಲ್ಲಿ ಕೆಲವಾದರೂ ಅಜ್ಜಂದಿರ ಕಾಲದಲ್ಲಿ ಬುಟ್ಟಿ, ಗಾಡಿಗಳಿಂದ ಶುರುವಾದವು. ಉದ್ಯಮದ ಚೌಕದಿಂದ ಉದ್ಯಮದ ಮೊದಲ ಮೆಟ್ಟಿಲನ್ನೇ ಕಿತ್ತು ಹಾಕುವುದನ್ನು ನಾನು ಒಪ್ಪಲಾರೆ.

ಬೆಂಗಳೂರಿನ ವಿ.ವಿ. ಪುರದಲ್ಲಿ ಸಜ್ಜನ್ ರಾವ್ ವೃತ್ತವಿದೆ. ದೊಡ್ಡ ದಾನಿಯ ಹೆಸರು ಅದು. ಇಂದು ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಪಕ್ಕದ ತಿಂಡಿ ಬೀದಿಗೆ ಬರುತ್ತಾರೆ. ಹೆಸರಿದೆ, ಕಥೆ ಜೊತೆಗೆ ಇಲ್ಲ. ಅದೇ ಊರಿನ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪ ಛತ್ರದ ವಿಷಯ ಹಾಗಲ್ಲ. 1903ರಿಂದ ಅಲ್ಲಿ ತಂಗಿದ ಪ್ರಯಾಣಿಕರಿಗೆ, ಅವರ ಹೆಸರಿನ ಹಾಸ್ಟೆಲಿನಲ್ಲಿ ಓದಿದ ಹಳ್ಳಿಯ ಹುಡುಗರಿಗೆ, ತೋಟದಪ್ಪನವರು ಯಾರೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಲಬುರಗಿಯಲ್ಲಿ ಈ ಕೆಲಸಕ್ಕೆ ಪಾಲಿಕೆಯ ನಿರ್ಣಯ, ಸರ್ಕಾರದ ಒಪ್ಪಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇವೆಲ್ಲ ಬೇಕಾಗಬಹುದು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಆದರೆ ಕಲ್ಲಿನ ಮೇಲೆ ಬರೆಯಬೇಕಾದ ಲೆಕ್ಕ ಕೂಡಿಸುವುದಕ್ಕೆ ಯಾರ ಅನುಮತಿಯೂ ಬೇಡ. ಎಂ.ಎಸ್.ಕೆ. ಮಿಲ್ ರಾಷ್ಟ್ರೀಕರಣವಾದ 1974ರಲ್ಲಿ ಇಪ್ಪತ್ತರ ಹರೆಯದಲ್ಲಿ ಮಗ್ಗದ ಮುಂದೆ ನಿಂತಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಗಂಜಿನಲ್ಲಿ ಎತ್ತಿನ ಬಂಡಿಯಿಂದ ಚೀಲ ಇಳಿಸಿದ ಹಮಾಲರು, 1950ರ ದಶಕದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಷರ ಕಲಿತ ಅಜ್ಜಿಯರು ಇನ್ನೂ ಬ್ರಹ್ಮಪುರ, ಶಹಾಬಜಾರ್, ಗಾಜಿಪುರದ ಮನೆಗಳ ಕಟ್ಟೆಯ ಮೇಲೆ ಸಂಜೆ ಹೊತ್ತು ಕೂರುತ್ತಾರೆ. ನಮ್ಮ ಕಾಲೇಜುಗಳ ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಒಂದು ನೋಟ್‌ಬುಕ್, ಒಂದು ಮೊಬೈಲ್ ಹಿಡಿದು ಈ ಬೇಸಿಗೆ ರಜೆಯಲ್ಲೇ ಅವರ ಮನೆಗಳಿಗೆ ಹೋಗಬಹುದು. ಅಜ್ಜನ ತಗಡಿನ ಪೆಟ್ಟಿಗೆ ನನ್ನ ಬಳಿ ಇದೆ. ಅದರಲ್ಲಿನ ಪಟ್ಟಿಗಳನ್ನು ಮೊದಲು ಬಂದವರ ಕೈಗೆ ಕೊಡುತ್ತೇನೆ.